ಯಾರನ್ನು ಕೇಳಬೇಕು, ಸಾರ್?

ಮಕ್ಕಳ ಗ್ರಾಮಸಭೆಯ ಬಗ್ಗೆ ಈ ಅಂಕಣದಲ್ಲಿ ಹಿಂದೊಮ್ಮೆ ಬರೆದಿದ್ದೆ. ಅದನ್ನು ಓದಿ ಪಾಲಕರೊಬ್ಬರು ಪತ್ರ ಹಾಕಿದ್ದಾರೆ. ಮಕ್ಕಳ ಓದಿಗೆಂದು ಹಳ್ಳಿ ಬಿಟ್ಟು ಪೇಟೆ ಸೇರಿದವರು. ಊರಲ್ಲಿದ್ದಾಗ ಅವರ ಮಗಳು ವರ್ಷಕ್ಕೊಮ್ಮೆ ಪಂಚಾಯಿತಿ ಅಧ್ಯಕ್ಷರ ಎದುರು ನಿಂತು ಮಾತಾಡುತ್ತಿದ್ದಳಂತೆ. ಪೇಟೆಗೆ ಬಂದ ಮೇಲೆ ಅಂಥ ಸಭೆಯ ಹೆಸರೇ ಕೇಳಿಲ್ಲವಂತೆ. 'ಪೇಟೆಯ ಮಕ್ಕಳಿಗೆ ಕಷ್ಟ ಇಲ್ಲವೇ, ಅಥವಾ ಬಾಯಿ ಇಲ್ಲವೇ?' ಎಂದು ಕೇಳಿದ್ದಾರೆ. ಪ್ರಶ್ನೆ ಸ್ವಲ್ಪ ಖಾರವಾಗಿದೆ, ಆದರೆ ನ್ಯಾಯವಾಗಿದೆ.

ಪತ್ರ ಓದಿದಾಗ ನನಗೆ ನೆನಪಾದದ್ದು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದ ಎಂಟನೇ ತರಗತಿಯ ಒಬ್ಬ ಹುಡುಗಿ. ಮೊದಮೊದಲು ನಾಚಿಕೆ ಸ್ವಭಾವ ಇರಬೇಕು ಎಂದುಕೊಂಡಿದ್ದೆ. ಒಂದು ದಿನ ಪ್ರಯೋಗ ಮಾಡುವಾಗ ಎರಡೂ ಕೈಯಲ್ಲಿ ಪ್ರನಾಳಗಳಿದ್ದವು, ಯಾರೋ ಏನೋ ಅಂದರು, ಅವಳಿಗೆ ನಗು ತಡೆಯಲಾಗಲಿಲ್ಲ. ಆಗ ಕಂಡಿತು. ಮುಂದಿನ ಹಲ್ಲುಗಳ ಮೇಲೆಲ್ಲ ಕಂದು ಪಟ್ಟಿ. ಎಷ್ಟು ಉಜ್ಜಿದರೂ ಹೋಗದ ಕಲೆ ಅದು. ಹಲ್ಲು ಇನ್ನೂ ಒಸಡಿನೊಳಗೆ ರೂಪುಗೊಳ್ಳುತ್ತಿರುವ ವಯಸ್ಸಿನಲ್ಲಿ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದ್ದರೆ ಹೀಗಾಗುತ್ತದೆ. ಪಾಲಕರು ಇಲ್ಲೊಂದು ಮಾತು ಗಮನಿಸಬೇಕು. ನೀರು ಕಾಯಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ.

ಆ ಹುಡುಗಿಯ ಹಳ್ಳಿ ನಮ್ಮ ತಾಲೂಕಿನದೇ, ಹೆಸರು ಬೇಡ. ನೀರು ಪರೀಕ್ಷಿಸುವ ಕಿಟ್ ಒಂದನ್ನು ಹೊಂದಿಸಿಕೊಂಡು ಶಾಲೆಯ ಹುಡುಗರೆಲ್ಲ ಊರಿನ ಬೋರ್‌ವೆಲ್ಲು, ನಲ್ಲಿ, ಟ್ಯಾಂಕು ಒಂದೂ ಬಿಡದೆ ನೀರು ತಂದರು. ಕಿಟ್‌ನಲ್ಲಿರುವ ಕೆಂಪು ದ್ರಾವಣ, ಫ್ಲೋರೈಡ್ ಹೆಚ್ಚಿದಷ್ಟೂ ಹಳದಿಯ ಕಡೆಗೆ ಜಾರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಮಾನಕ. ಶಾಲೆಯ ಹತ್ತಿರದ ಕೈಪಂಪಿನ ನೀರು ಆ ಗೆರೆ ದಾಟಿ ಹಳದಿಗೆ ತಿರುಗಿತು. ಹುಡುಗಿ ಆ ಪ್ರನಾಳವನ್ನೇ ನೋಡುತ್ತ ನಿಂತಳು. ಆಮೇಲೆ ಮೆಲ್ಲಗೆ ಕೇಳಿದಳು: 'ಇದನ್ನ ಯಾರನ್ನ ಕೇಳಬೇಕು, ಸಾರ್?'

ಇಪ್ಪತ್ತೈದು ವರ್ಷಕ್ಕೂ ಮೇಲೆ ವಿಜ್ಞಾನ ಕಲಿಸಿದವನು ನಾನು. ಆದರೆ ಆ ಪ್ರಶ್ನೆಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಏಕೆಂದರೆ ಹಿಂದಿನ ವರ್ಷದ ಸಭೆಯಲ್ಲಿ ಅದೇ ಮಕ್ಕಳು ಬಸ್ಸಿನ ವೇಳೆ ಬದಲಿಸಿ ಎಂದು ಕೇಳಿದ್ದರು. 'ಮೇಲಿನವರಿಗೆ ಬರೆಯುತ್ತೇವೆ' ಎಂಬ ಉತ್ತರ ಬಂದಿತ್ತು. ಬಸ್ಸು ಪಂಚಾಯಿತಿಯ ಕೈಯಲ್ಲಿಲ್ಲ, ಹಾಗಾಗಿ ಉತ್ತರದಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಮಕ್ಕಳಿಗೆ ಅದು ತಿಳಿಯಬೇಕಲ್ಲ? ಚಪ್ಪಾಳೆ ತಟ್ಟಿ, ಬಿಸ್ಕತ್ತು ಕೊಟ್ಟು ಕಳಿಸಿದರು. ಒಮ್ಮೆ ಕೇಳಿ ಉತ್ತರ ಸಿಗದ ಮಗು ಮರುವರ್ಷ ಕೇಳುವುದಿಲ್ಲ, ಹಿಂದಿನ ಸಾಲಿನಲ್ಲಿ ಹೋಗಿ ಕೂರುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈ ಮಕ್ಕಳ ಸಭೆ ಎಂಬುದು ಎಲ್ಲಿಂದ ಬಂತು ಎಂದು ಸ್ವಲ್ಪ ಹೇಳಬೇಕು. ನಮ್ಮ ರಾಜ್ಯದಲ್ಲಿ ಇದರ ಬೇರು ಇರುವುದು ಕುಂದಾಪುರದ ಕಡೆ. ಆ ಸೀಮೆಯ ಬಡ ಮನೆಯ ಹುಡುಗರು ಬೆಂಗಳೂರು, ಮುಂಬೈಯ ಹೋಟೆಲುಗಳಲ್ಲಿ ಲೋಟ ತೊಳೆಯಲು ಹೋಗುತ್ತಿದ್ದ ಕಾಲ. ದುಡಿಯುವ ಮಕ್ಕಳದೇ ಒಂದು ಸಂಘ, ಭೀಮ ಸಂಘ ಎಂದು ಅದರ ಹೆಸರು. ಆ ಮಕ್ಕಳನ್ನು ಸಂಘಟಿಸಿದ ಸಂಸ್ಥೆಯ ಬೆಂಬಲದಿಂದ 1995ರ ಸುಮಾರಿಗೆ ಕೆಲವು ಗ್ರಾಮ ಪಂಚಾಯಿತಿಗಳಲ್ಲಿ 'ಮಕ್ಕಳ ಪಂಚಾಯಿತಿ' ಶುರುವಾಯಿತು. ಮಕ್ಕಳೇ ಮತ ಹಾಕಿ ತಮ್ಮ ಸದಸ್ಯರನ್ನು ಆರಿಸಿದರು. ದೊಡ್ಡವರ ಪಂಚಾಯಿತಿ ಈ ಚಿಕ್ಕವರ ಮಾತಿಗೆ ಕಿವಿಗೊಡಬೇಕು ಎಂಬ ಕಟ್ಟುಪಾಡಾಯಿತು. ಮಳೆಗಾಲದಲ್ಲಿ ಹಳ್ಳ ದಾಟಲು ಕಾಲುಸಂಕ ಬೇಕು ಎನ್ನುವುದು ಆ ಕಡೆಯ ಮಕ್ಕಳ ಬೇಡಿಕೆ. ನಮ್ಮ ಬಯಲುಸೀಮೆಯ ಮಕ್ಕಳಿಗೆ ಸಂಕ ಎಂದರೇನೆಂದೇ ಗೊತ್ತಿಲ್ಲ, ಇಲ್ಲಿ ಹಳ್ಳದಲ್ಲಿ ನೀರು ಹರಿದರೆ ಹಬ್ಬ! 2004ರ ಹೊತ್ತಿಗೆ ಕುಂದಾಪುರ ತಾಲೂಕಿನ 56 ಪಂಚಾಯಿತಿಗಳ ಮಕ್ಕಳು ತಮ್ಮ ಊರುಗಳಿಗೆ ಪಂಚವಾರ್ಷಿಕ ಯೋಜನೆಯನ್ನೇ ಬರೆದರು. 2006ರಲ್ಲಿ ರಾಜ್ಯ ಸರ್ಕಾರ ಎಲ್ಲ ಗ್ರಾಮ ಪಂಚಾಯಿತಿಗಳೂ ಮಕ್ಕಳ ಗ್ರಾಮಸಭೆ ನಡೆಸಬೇಕು ಎಂದು ಆದೇಶ ಮಾಡಿತು. ಈಚೆಗೆ ಕೇಂದ್ರ ಸರ್ಕಾರ ಪಂಚಾಯಿತಿಗಳಿಗೆ ಕೊಟ್ಟಿರುವ ಒಂಬತ್ತು ಗುರಿಗಳಲ್ಲಿ ಮೂರನೆಯದು 'ಮಕ್ಕಳಸ್ನೇಹಿ ಗ್ರಾಮ'.

ಎಲ್ಲ ಸರಿ. ಆದರೆ ಕುಂದಾಪುರದಲ್ಲಿ ಹತ್ತು ವರ್ಷ ಬೆಳೆದ ಗಿಡ ನಮ್ಮಲ್ಲಿಗೆ ಬಂದದ್ದು ಒಂದು ಹಾಳೆಯ ಸುತ್ತೋಲೆಯಾಗಿ. ನೆಲ ಬೇರೆ, ನೀರು ಬೇರೆ ಎಂಬುದನ್ನು ನೋಡಿಕೊಂಡವರು ಕಡಿಮೆ.

ಆ ಹುಡುಗಿಯ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಸಂವಿಧಾನದ ಪುಸ್ತಕ ತೆಗೆದೆ. 73ನೇ ತಿದ್ದುಪಡಿಯಿಂದ ಬಂದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಕುಡಿಯುವ ನೀರು ಇದೆ, ಪ್ರಾಥಮಿಕ ಮತ್ತು ಪ್ರೌಢಶಿಕ್ಷಣ ಇದೆ, ಗ್ರಂಥಾಲಯ ಇದೆ, ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ ಅಂತಲೇ ಒಂದು ಬಾಬತ್ತಿದೆ. ಪಟ್ಟಣಗಳಿಗೆ 74ನೇ ತಿದ್ದುಪಡಿ, 12ನೇ ಅನುಸೂಚಿ, 18 ವಿಷಯಗಳು. ಅದರಲ್ಲಿ ನೀರು, ಬೀದಿದೀಪ, ಉದ್ಯಾನ, ಆಟದ ಮೈದಾನ ಇವೆ. ಶಾಲೆ ಎಂಬ ಮಾತು ಇಲ್ಲ, ಮಕ್ಕಳ ಅಭಿವೃದ್ಧಿ ಎಂಬ ಮಾತೂ ಇಲ್ಲ. ಇನ್ನೂ ಒಂದು ವ್ಯತ್ಯಾಸವಿದೆ. ಹಳ್ಳಿಯಲ್ಲಿ ಮತದಾರರೆಲ್ಲ ಕೂಡುವ ಗ್ರಾಮಸಭೆಗೆ ಸಂವಿಧಾನದಲ್ಲೇ ಜಾಗವಿದೆ, ಮಕ್ಕಳ ಸಭೆ ಅದರ ನೆರಳಿನಲ್ಲಿ ನಿಂತಿದೆ. ಪಟ್ಟಣದಲ್ಲಿ ವಾರ್ಡ್ ಸಮಿತಿ ಕಡ್ಡಾಯವಾಗುವುದು ಜನಸಂಖ್ಯೆ 3 ಲಕ್ಷ ಮುಟ್ಟಿದ ಮೇಲೆ. 2011ರ ಜನಗಣತಿಯಲ್ಲಿ ಹೊಸಪೇಟೆಗೇ ಇದ್ದದ್ದು ಸುಮಾರು 2 ಲಕ್ಷ. ಹೊಸಪೇಟೆಯದು ನಗರಸಭೆ, ಹರಪನಹಳ್ಳಿಯದು ಪುರಸಭೆ. ಎರಡೂ ಆ ಗೆರೆಯ ಕೆಳಗೇ. ಪತ್ರ ಬರೆದ ಪಾಲಕರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಪೇಟೆಯ ಮಕ್ಕಳಿಗೆ ಬಾಯಿ ಇದೆ, ಕೂರಲು ಕಟ್ಟೆ ಇಲ್ಲ.

ಹಳ್ಳಿಯ ಕಥೆ ಮೊದಲು ಮುಗಿಸುತ್ತೇನೆ. ಆ ವರ್ಷ ನಾವು ಸಭೆಗೆ ಮುಂಚೆ ಮಕ್ಕಳ ಬೇಡಿಕೆಗಳನ್ನು ಎರಡು ಪಟ್ಟಿ ಮಾಡಿಸಿದೆವು. ಪಂಚಾಯಿತಿ ತಾನೇ ಮಾಡಬಲ್ಲದ್ದು ಒಂದು ಕಡೆ, ಪಂಚಾಯಿತಿ ಬೇರೆಯವರಿಗೆ ಬರೆಯಬೇಕಾದದ್ದು ಇನ್ನೊಂದು ಕಡೆ. ನೀರು ಮೊದಲ ಪಟ್ಟಿಯಲ್ಲಿ ಬಂತು. ಹುಡುಗಿ ಎದ್ದು ನಿಂತು ಪ್ರನಾಳ ಎತ್ತಿ ಹಿಡಿದಳು. ಮಾತಾಡಿದ್ದು ನಾಲ್ಕೇ ವಾಕ್ಯ. ಅಭಿವೃದ್ಧಿ ಅಧಿಕಾರಿಗಳು ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದರು, ಅಲ್ಲೂ ಅದೇ ಫಲಿತಾಂಶ ಬಂತು. ನಾಲ್ಕು ತಿಂಗಳಲ್ಲಿ ಆ ಕೈಪಂಪಿಗೆ ಕೆಂಪು ಬಣ್ಣ ಬಳಿದು 'ಕುಡಿಯಲು ಯೋಗ್ಯವಲ್ಲ' ಎಂದು ಬರೆಸಿದರು. ಶುದ್ಧ ನೀರಿನ ಘಟಕದಿಂದ ಶಾಲೆಗೆ ಕ್ಯಾನಿನಲ್ಲಿ ನೀರು ಬರತೊಡಗಿತು. ಆ ಹುಡುಗಿಯ ಹಲ್ಲು ಮೊದಲಿನಂತಾಗಲಿಲ್ಲ, ಆಗುವುದೂ ಇಲ್ಲ. ಅವಳ ತಮ್ಮ ಆಗ ಒಂದನೇ ತರಗತಿ.

ಇನ್ನು ಪೇಟೆ. ನನ್ನ ಗೆಳೆಯರಾದ ಶಿಕ್ಷಕರೊಬ್ಬರು ಪಟ್ಟಣವೊಂದರ ಪ್ರೌಢಶಾಲೆಯಲ್ಲಿದ್ದಾರೆ. ನಮ್ಮ ಹಳ್ಳಿಯ ಸುದ್ದಿ ಕೇಳಿ ಹುರುಪಿನಿಂದ ಅವರೂ ಒಂದು ಸಭೆ ಏರ್ಪಡಿಸಿದರು. ಶಾಮಿಯಾನ, ಬ್ಯಾನರು, ಪ್ರಾರ್ಥನಾ ಗೀತೆ, ಯಾವುದಕ್ಕೂ ಕೊರತೆಯಿರಲಿಲ್ಲ. ಮಕ್ಕಳು ಬರುತ್ತಿದ್ದದ್ದು ಏಳೆಂಟು ವಾರ್ಡುಗಳಿಂದ, ಬಂದ ಸದಸ್ಯರು ಇಬ್ಬರು. ಮಕ್ಕಳು ಎದ್ದು ಶಾಲೆಯ ಶೌಚಾಲಯದ ಬಾಗಿಲು ಮುರಿದಿದೆ ಎಂದರು. ಶಾಲೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ಇಲಾಖೆಯನ್ನು ಕೇಳಿ ಎಂಬ ಉತ್ತರ ಬಂತು. ಚರಂಡಿ ಬಗ್ಗೆ ಕೇಳಿದರೆ ಅದು ನನ್ನ ವಾರ್ಡಲ್ಲ ಎಂದರು. ಊರು ಸುಟ್ಟರೂ ಹನುಮಪ್ಪ ಹೊರಗೆ ಎಂದು ಗೆಳೆಯರು ಅಂದು ಸಂಜೆ ನನ್ನೆದುರು ಸಿಡುಕಿದರು. ನಾನು ಅವರ ಪಕ್ಷ ವಹಿಸಲಿಲ್ಲ. ಹಳ್ಳಿಯ ಅಂಗಿಯನ್ನು ಅಳತೆ ನೋಡದೆ ಪೇಟೆಗೆ ತೊಡಿಸಿದ್ದು ನಾವೇ ಅಲ್ಲವೇ?

ಮರುವರ್ಷ ಅವರು ಶಾಮಿಯಾನ ಬಿಟ್ಟರು. ಮಕ್ಕಳನ್ನು ತರಗತಿಯ ಬದಲು ಅವರು ವಾಸವಿರುವ ವಾರ್ಡಿನ ಪ್ರಕಾರ ಗುಂಪು ಮಾಡಿದರು. ಶೌಚಾಲಯದ ಬಾಗಿಲಿನ ಮಾತು ಶಾಲಾಭಿವೃದ್ಧಿ ಸಮಿತಿಗೆ ಹೋಯಿತು, ಅಲ್ಲಿ ಕೂತಿರುವವರು ಪಾಲಕರೇ. ಉಳಿದದ್ದಕ್ಕೆ ಸದಸ್ಯರನ್ನು ಶಾಲೆಗೆ ಕರೆಯಲಿಲ್ಲ, ಮಕ್ಕಳು ಶಾಲೆಗೆ ನಡೆದುಬರುವ ದಾರಿಗೇ ಕರೆದರು. ಬೆಳಿಗ್ಗೆ ಎಂಟೂವರೆಗೆ, ಮಕ್ಕಳ ಜೊತೆ ಒಂದು ಕಿಲೋಮೀಟರು ನಡಿಗೆ. ಎಲ್ಲಿ ಚರಂಡಿಗೆ ಹಾಸುಗಲ್ಲಿಲ್ಲ, ಯಾವ ತಿರುವಿನಲ್ಲಿ ದೀಪ ಉರಿಯುವುದಿಲ್ಲ, ಎಲ್ಲಿ ನಾಯಿ ಕಾಟ ಎಂದು ಮಕ್ಕಳು ನಕ್ಷೆ ಬರೆದುಕೊಂಡಿದ್ದರು. ಪುರಸಭೆಗಳು ತಿಂಗಳಿಗೊಮ್ಮೆ ಸಾಮಾನ್ಯ ಸಭೆ ಸೇರಬೇಕೆಂದು ಕಾಯ್ದೆಯಿದೆ. ಆ ಸಭೆಯ ವಿಷಯಪಟ್ಟಿಗೆ ನಕ್ಷೆ ಸೇರಿಸುವ ಜವಾಬ್ದಾರಿಯನ್ನು ಒಬ್ಬ ಸದಸ್ಯೆ ತಾವೇ ಹೊತ್ತರು. ಹಾಸುಗಲ್ಲು ಬಿತ್ತು, ಎರಡು ದೀಪ ಉರಿದವು. ಆಟದ ಮೈದಾನ ಮಾತ್ರ ಆಗಲಿಲ್ಲ, ಅದಕ್ಕೆ ಜಾಗವೇ ಇಲ್ಲವಂತೆ. ಮಕ್ಕಳು ಪ್ರತಿ ವರ್ಷ ನಕ್ಷೆಯಲ್ಲಿ ಅದನ್ನು ಬರೆಯುತ್ತಲೇ ಇದ್ದಾರೆ.

ಈ ನಡಿಗೆಯ ಉಪಾಯ ಹೊಸದಲ್ಲ. ಇಟಲಿಯ ಫಾನೊ ಎಂಬ ಸಣ್ಣ ಪಟ್ಟಣದಲ್ಲಿ 1991ರಲ್ಲಿ ಫ್ರಾಂಚೆಸ್ಕೊ ತೊನುಚ್ಚಿ ಎಂಬ ಮನಶ್ಶಾಸ್ತ್ರಜ್ಞರು 'ಮಕ್ಕಳ ನಗರ' ಎಂಬ ಯೋಜನೆ ಶುರುಮಾಡಿದರು. ಮಗು ದೊಡ್ಡವರ ಕೈ ಹಿಡಿಯದೆ ಶಾಲೆಗೆ ನಡೆದುಹೋಗುವಂತಿದ್ದರೆ ಆ ಊರು ಎಲ್ಲರಿಗೂ ಒಳ್ಳೆಯ ಊರು ಎಂಬುದು ಅವರ ಲೆಕ್ಕ. ಅಷ್ಟು ದೂರ ಯಾಕೆ, ನಮ್ಮ ಕಾಸರಗೋಡನ್ನೇ ನೋಡಿ. ಅಲ್ಲಿನ ಕನ್ನಡದ ಮಕ್ಕಳು ಇರುವುದು ಕೇರಳದ ಆಡಳಿತದಲ್ಲಿ. ಅಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗಳ ಹೊಣೆ ಸ್ಥಳೀಯ ಸಂಸ್ಥೆಗಳಿಗೇ ಬಂದಿದೆ, ಊರು ಪಂಚಾಯಿತಿಯಾದರೂ ಅಷ್ಟೆ, ಪುರಸಭೆಯಾದರೂ ಅಷ್ಟೆ. ಕುಟುಂಬಶ್ರೀಯ ಮಹಿಳಾ ಗುಂಪುಗಳ ಆಸರೆಯಲ್ಲಿ 15ರಿಂದ 30 ಮಕ್ಕಳ 'ಬಾಲಸಭೆ'ಗಳು ಓಣಿಗಳಲ್ಲೇ ಕೂಡುತ್ತವೆ. ಶಾಲೆಯ ಬಾಗಿಲು ಮುರಿದರೆ ಅಲ್ಲಿನ ಮಗು ತನ್ನ ಪುರಸಭೆಯನ್ನು ಕೇಳಬಹುದು, ಇಲ್ಲಿನ ಮಗು ಕೇಳಿದರೆ ಬೇರೆ ಕಚೇರಿ ತೋರಿಸುತ್ತಾರೆ.

ನಮ್ಮ ಕಡೆ ಈ ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ತೆಲಿಗಿ ಇದ್ದಲ್ಲೇ ಇದೆ, ಜಿಲ್ಲೆ ಮಾತ್ರ ಬದಲಾಗುತ್ತ ಬಂತು. ನಾನು ಶಾಲೆ ಓದಿದ್ದು ಬಳ್ಳಾರಿ ಜಿಲ್ಲೆಯಲ್ಲಿ, 1997ರಲ್ಲಿ ನಾವು ದಾವಣಗೆರೆಗೆ ಸೇರಿದೆವು, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಅರ್ಜಿಯ ವಿಳಾಸ ಬದಲಿಸುವುದರಲ್ಲೇ ಕೆಲವರ ಅರ್ಜಿ ಹಳತಾಯಿತು.

ಕೊನೆಗೆ ದಿನಾಂಕದ ಮಾತು. ಮಕ್ಕಳ ಗ್ರಾಮಸಭೆ ಹೆಚ್ಚಾಗಿ ನಡೆಯುವುದು ನವೆಂಬರಿನಲ್ಲಿ, ಮಕ್ಕಳ ದಿನಾಚರಣೆಯ ಸುತ್ತಮುತ್ತ. ಬೆಂಗಳೂರಿನಲ್ಲಿ ಕೂತು ನೋಡಿದರೆ ಒಳ್ಳೆಯ ತಿಂಗಳೇ. ಆದರೆ ನಮ್ಮ ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ ಸೀಮೆಯ ತಾಂಡಾಗಳಲ್ಲಿ ದೀಪಾವಳಿ ಮುಗಿಯುತ್ತಿದ್ದಂತೆ ಮನೆಗಳಿಗೆ ಬೀಗ ಬೀಳುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ, ಕಬ್ಬು ಕಡಿಯಲು, ಇಟ್ಟಿಗೆ ಭಟ್ಟಿಗೆ ಎಂದು ತಂದೆ-ತಾಯಿ ಹೊರಡುತ್ತಾರೆ, ಅವರ ಹಿಂದೆ ಮಕ್ಕಳೂ. ಯಾರಿಗೆ ಹೇಳಿಕೊಳ್ಳುವುದು ಎಲ್ಲರಿಗಿಂತ ಹೆಚ್ಚಿದೆಯೋ ಅವರು ಸಭೆಯ ದಿನ ಊರಲ್ಲೇ ಇರುವುದಿಲ್ಲ. ನಾವು ಇದನ್ನು ಎಷ್ಟೋ ವರ್ಷ ಗಮನಿಸಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಗೈರು ಬರೆದು ಸುಮ್ಮನಾಗುತ್ತಿದ್ದೆವು.

ಹೋದ ವರ್ಷ ಆ ಹಳ್ಳಿಯವರು ಸಭೆಯನ್ನು ದೀಪಾವಳಿಗೆ ಒಂದು ವಾರ ಮೊದಲು, ತಾಂಡಾದ ಸೇವಾಲಾಲ್ ಗುಡಿಯ ಮುಂದೆ ಇಟ್ಟುಕೊಂಡರು. ಮೊದಲು ಹಿಂದಿನ ಸಭೆಯ ಬೇಡಿಕೆಗಳು ಏನಾದವು ಎಂಬುದನ್ನು ಓದಿ ಹೇಳಿದರು: ಆಗಿದ್ದು ಮೂರು, ಆಗದ್ದು ನಾಲ್ಕು, ಏಕೆ ಆಗಲಿಲ್ಲ ಎಂಬ ಕಾರಣವೂ ಸೇರಿತ್ತು. ತಾಂಡಾದ ಮಕ್ಕಳು ಮೊದಲ ಸಾಲಿನಲ್ಲಿದ್ದರು. ವಲಸೆ ಹೋಗುವವರ ಮಕ್ಕಳಿಗೆ ಊರಲ್ಲೇ ಹಂಗಾಮಿ ವಸತಿಶಾಲೆ ಬೇಕು ಎಂಬ ಮಾತು ಬಂತು, ಅದನ್ನು ಎರಡನೇ ಪಟ್ಟಿಗೆ ಬರೆದುಕೊಂಡರು. ಆಗ ಆರನೇ ತರಗತಿಯ ಒಬ್ಬ ಹುಡುಗ ಎದ್ದ. ಮುಂದಿನ ವಾರ ಅವನು ಅಪ್ಪ ಅಮ್ಮನ ಜೊತೆ ಕಾಫಿ ಸೀಮೆಗೆ ಹೊರಡುವವನಿದ್ದ.

'ಅಲ್ಲಿ ನಾಕು ತಿಂಗಳು ಇರತೀವಿ. ಅಲ್ಲಿ ನಾವು ಯಾವ ಪಂಚಾಯ್ತಿಯವರು, ಸಾರ್? ಅಲ್ಲಿ ಏನಾರ ಬೇಕಾದ್ರ ಯಾರನ್ನ ಕೇಳಬೇಕು?'

ಅಧ್ಯಕ್ಷರು ಅಭಿವೃದ್ಧಿ ಅಧಿಕಾರಿಗಳ ಮುಖ ನೋಡಿದರು, ಅವರು ನನ್ನ ಮುಖ ನೋಡಿದರು. ನಮ್ಮ ಎರಡು ಪಟ್ಟಿಗಳಲ್ಲಿ ಯಾವುದಕ್ಕೂ ಅದು ಸೇರಲಿಲ್ಲ. ನಡಾವಳಿ ಪುಸ್ತಕದಲ್ಲಿ ಹುಡುಗನ ಮಾತನ್ನು ಅವನು ಹೇಳಿದಂತೆಯೇ ಬರೆದು, ಅವನು ಹೋಗುವ ತೋಟ ಇರುವ ಊರಿನ ಪಂಚಾಯಿತಿಗೆ ಒಂದು ಪತ್ರ ಹಾಕಬೇಕೆಂದು ನಿರ್ಣಯವಾಯಿತು. ಊರಿನ ಹೆಸರು ಹುಡುಗನಿಗೆ ಸರಿಯಾಗಿ ಬರಲಿಲ್ಲ. ಮರುದಿನ ಅವನ ಅಪ್ಪನನ್ನು ಕೇಳಿ ಬರೆದುಕೊಂಡೆವು. ಪತ್ರ ಹೋಗಿದೆ.