ಗೇಟು ಮೊದಲೋ, ಬೆಳೆ ಮೊದಲೋ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರಸ್ಟ್ ಗೇಟಿನ ಸರಪಳಿ ಕಡಿದು, ಗೇಟು ಹೊಳೆಯ ಪಾಲಾಯಿತು. ಅಂದು ಜಲಾಶಯ ತುಂಬಿ ನಿಂತಿತ್ತು. ಒತ್ತಡ ಒಂದೇ ಕಡೆ ಬೀಳದಿರಲೆಂದು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ರೈತರು ವರ್ಷದ ಅನ್ನವೆಂದು ನಂಬಿದ್ದ ನೀರು ಕಣ್ಣೆದುರೇ ಹರಿದುಹೋಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಧುಮ್ಮಿಕ್ಕುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನಿಳಿಸಿ, ಒಂದು ವಾರದಲ್ಲಿ ಆ ಬಾಯಿಯನ್ನು ಮುಚ್ಚಿದುದು ಸಾಹಸವೇ ಸರಿ. ಮಳೆಯೂ ಮತ್ತೆ ಕೃಪೆದೋರಿತು.

ಆದರೆ ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತಾಗಬಾರದಷ್ಟೆ. 1953ರಲ್ಲಿ ನೀರು ನಿಲ್ಲಿಸಿದ ಕಟ್ಟೆಯದು. 60 ಅಡಿ ಅಗಲ, 20 ಅಡಿ ಎತ್ತರದ 33 ಗೇಟುಗಳು. ಒಂದು ಸೋತುದೆಂದರೆ ಉಳಿದ ಮೂವತ್ತೆರಡನ್ನೂ ಸಂದೇಹದಿಂದಲೇ ನೋಡಬೇಕು. ಆದಕಾರಣ 2025ರ ಮಳೆಗಾಲದಲ್ಲಿ, ಸುಮಾರು 105 ಟಿ.ಎಂ.ಸಿ. ಹಿಡಿಯುವ ಜಲಾಶಯದಲ್ಲಿ 80 ಟಿ.ಎಂ.ಸಿ. ನೀರನ್ನಷ್ಟೇ ನಿಲ್ಲಿಸಲಾಯಿತು. ಎಲ್ಲ ಗೇಟುಗಳನ್ನೂ ಬದಲಿಸುವ ಸಲುವಾಗಿ ಎರಡನೆಯ ಬೆಳೆಗೆ ನೀರಿಲ್ಲವೆಂದು ತೀರ್ಮಾನವಾಯಿತು.

ಇಲ್ಲಿಯೇ ತಕ್ಕಡಿಯ ಕಷ್ಟ. ಗಂಗಾವತಿ, ಸಿಂಧನೂರುಗಳ ರೈತನಿಗೆ ಎರಡನೆಯ ಬೆಳೆಯೆಂದರೆ ಸಾಲ ತೀರಿಸುವ ಬೆಳೆ. ಕೂಲಿಯವನಿಗೆ ಬೇಸಗೆಯ ಗಂಜಿ. ಪಟ್ಟಣದವರಿಗೆ ಕುಡಿಯುವ ನೀರು ಬೇಕು. ಕಾರ್ಖಾನೆಗೂ ವಿದ್ಯುದಾಗಾರಕ್ಕೂ ತಮ್ಮ ಪಾಲು ಬೇಕು. ಕರ್ನಾಟಕ, ಆಂಧ್ರ, ತೆಲಂಗಾಣಗಳು ಮೂವರು ದಾಯಾದಿಗಳು. ಕಾಲುವೆಯ ನೀರು ಮುಟ್ಟದ, ಮಳೆಯನ್ನೇ ನಂಬಿದ ಕೂಡ್ಲಿಗಿಯ ಹೊಸಹಳ್ಳಿಯಂತಹ ಊರಿನವನಿಗೆ ‘ಎರಡನೆಯ ಬೆಳೆ’ ಎಂಬ ಮಾತೇ ಪರರ ಮನೆಯ ಹಬ್ಬ. ಕಟ್ಟೆಯ ಕೆಳಗೆ ಹೊಳೆಯ ದಂಡೆಯಲ್ಲಿ ವಾಸಿಸುವವನಿಗಾದರೋ ಬೇಕಾದುದು ನೆಮ್ಮದಿಯ ನಿದ್ದೆ. ಇವರಲ್ಲಿ ಯಾರ ಮಾತೂ ಸುಳ್ಳಲ್ಲ.

ಎಲ್ಲರೂ ಸರಿಯಾಗಿರುವಾಗ ತೀರ್ಪು ಹೇಳುವುದು ಹೇಗೆ? ಹೆಚ್ಚು ಗದ್ದಲ ಮಾಡಿದವರ ಕಡೆಗೆ ವಾಲುವುದು ಸುಲಭ. ಹಣ ಕಡಿಮೆ ಬೀಳುವ ದಾರಿಯನ್ನು ಹಿಡಿಯುವುದು ಅದಕ್ಕಿಂತ ಸುಲಭ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಯಾವ ನಷ್ಟವನ್ನು ಮರಳಿ ತುಂಬಬಹುದು, ಯಾವುದನ್ನು ತುಂಬಲಾಗದು? ಹೋದ ಬೆಳೆಗೆ ಪರಿಹಾರವುಂಟು, ಹೋದ ಪ್ರಾಣಕ್ಕಿಲ್ಲ. ಅಲ್ಲದೆ, ನೀರು ಗೇಟಿನ ತಳದಿಂದ ಕೆಳಗಿಳಿದಾಗ ಮಾತ್ರ ಈ ಕೆಲಸ ಸಾಧ್ಯ. ಮುಂಗಾರು ಯಾರಿಗೂ ಕಾಯುವುದಿಲ್ಲ. ಒಂದು ಬೆಳೆಯನ್ನು ಉಳಿಸಹೋಗಿ ಮುಂದಿನ ಹಲವು ಬೆಳೆಗಳನ್ನು ಪಣಕ್ಕೊಡ್ಡುವುದು ಜಾಣತನವಾಗದು.

ಹೀಗೆಂದಮಾತ್ರಕ್ಕೆ ರೈತನ ಋಣ ತೀರಲಿಲ್ಲ. ಸುರಕ್ಷತೆಯ ಫಲ ಎಲ್ಲರಿಗಾದರೆ, ಅದರ ಬೆಲೆಯನ್ನು ಅವನೊಬ್ಬನೇ ತೆರುವುದು ನ್ಯಾಯವಲ್ಲ. ಬೀಜ, ಗೊಬ್ಬರ ಕೊಳ್ಳುವ ಮೊದಲೇ ಅವನಿಗೆ ನಿಜವನ್ನು ತಿಳಿಸಬೇಕು; ನಷ್ಟವನ್ನು ನೀರಿನ ಪಾಲುದಾರರೆಲ್ಲರೂ ಹಂಚಿಕೊಳ್ಳಬೇಕು. ಹೊಸ ಗೇಟುಗಳಿಗೂ ವರ್ಷವರ್ಷ ತಪಾಸಣೆ ತಪ್ಪಬಾರದು. ಸರಪಳಿಯ ಬಲ ಅದರ ಸವೆದ ಕೊಂಡಿಯಷ್ಟೇ.

ನಗರದ ಮನೆಗಳಲ್ಲಿ ಸೋನಾಮಸೂರಿ ಅನ್ನ ಬಡಿಸುವಾಗ, ಆ ತಟ್ಟೆಯ ಹಿಂದೆ ಒಂದು ಸರಪಳಿಯೂ, ಒಂದು ಬೆಳೆಯನ್ನು ಬಿಟ್ಟುಕೊಟ್ಟ ರೈತನೂ ಇರುವುದು ನೆನಪಿಗೆ ಬಂದರೆ ಸಾಕು.