ನಮಗೆ ಬೇಕಾದದ್ದು ದೊಡ್ಡ ಸ್ಪೀಕರಲ್ಲ, ಚಿಕ್ಕ ಸೌಂಡ್ ಕಾರ್ಡು



ಕಳೆದ ತಿಂಗಳ ಸಂಚಿಕೆಯಲ್ಲಿ ಅಚ್ಚಾದ ಕಾರ್ಯಕಾರಿ ಸಮಿತಿಯ ನಡವಳಿಯನ್ನು ತಾವೆಲ್ಲರೂ ಓದಿರಬಹುದು. ಮುಂಬರುವ ರಾಜ್ಯೋತ್ಸವಕ್ಕೆ ಹೋದ ವರ್ಷದ ಎರಡರಷ್ಟು ವ್ಯಾಟಿನ ಧ್ವನಿವರ್ಧಕಗಳನ್ನು ಬಾಡಿಗೆಗೆ ತರಿಸತಕ್ಕದ್ದು ಎಂಬ ಒಂದು ಸಾಲು ಅದರಲ್ಲಿದೆ. ಯಾರೂ ವಿರೋಧಿಸಲಿಲ್ಲವಂತೆ. ಆ ದಿನ ಕಚೇರಿಯಲ್ಲಿ ವರ್ಷಾಂತ್ಯದ ಲೆಕ್ಕದ ಕೆಲಸವಿದ್ದುದರಿಂದ ನಾನು ಸಭೆಗೆ ಬರಲಾಗಲಿಲ್ಲ. ಆದ್ದರಿಂದ ನನ್ನ ವಿರೋಧವನ್ನು ಈ ಪುಟಗಳಲ್ಲಿ ದಾಖಲಿಸುತ್ತಿದ್ದೇನೆ. ಈ ನಿರ್ಣಯ ತಪ್ಪು. ಹೊಟ್ಟೆನೋವೆಂದು ಬಂದವನ ಮೊಣಕಾಲಿಗೆ ಮುಲಾಮು ಹಚ್ಚಿದ ಹಾಗೆ.

ಹೋದ ನವೆಂಬರಿನಲ್ಲಿ ಏನಾಯಿತೆಂಬುದನ್ನು ಅಂದು ಬಾರದವರಿಗಾಗಿ ಹೇಳುತ್ತೇನೆ. ನಮ್ಮ ಒಂಬತ್ತು ಮಕ್ಕಳು ಕೀಲ್ಪಾಕ್ ಗಾರ್ಡನ್ ರಸ್ತೆಯ ಬಳಿಯ ಮನೆಯೊಂದರ ತಾರಸಿಯ ಮೇಲೆ ಆರು ವಾರ ಕೋಲಾಟದ ಅಭ್ಯಾಸ ಮಾಡಿದ್ದರು. ಶಾಲೆಯಲ್ಲಿ ತಮಿಳು, ಇಂಗ್ಲಿಷು. ಮನೆಯಲ್ಲಿ ಅರ್ಧಂಬರ್ಧ ಕನ್ನಡ. ಇಂಥ ಮಕ್ಕಳ ಬಾಯಲ್ಲಿ ಆ ಆರು ವಾರವಾದರೂ ಒಂದು ಕನ್ನಡ ಜಾನಪದ ಗೀತೆ ಆಡುತ್ತಿತ್ತು. ವೇದಿಕೆಯಲ್ಲಿ ಮಕ್ಕಳು ಕೋಲು ಹಿಡಿದು ನಿಂತರು. ಬಾಡಿಗೆಗೆ ಬಂದ ಡಿಜೆ ಹುಡುಗ ತನ್ನ ಲ್ಯಾಪ್‌ಟಾಪಿನಲ್ಲಿ ಹಾಡನ್ನು ಹುಡುಕತೊಡಗಿದ. ಅವನು ತಡಕಿದ್ದೆಲ್ಲ ಸಭಾಂಗಣಕ್ಕೇ ಕೇಳಿಸಿತು. ಮೊದಲು ಒಂದು ಸಿನಿಮಾ ಹಾಡಿನ ತುಣುಕು, ಆಮೇಲೆ ಯಾವುದೋ ಜಾಹೀರಾತು. ಕೊನೆಗೆ ನಮ್ಮ ಹಾಡು ಬಂತು, ಎರಡನೆಯ ಚರಣದಲ್ಲಿ ಕಾದ ಎಣ್ಣೆಗೆ ನೀರು ಬಿದ್ದಂತೆ ಚಟಪಟ ಎಂದಿತು, ನಡುವೆ ಲ್ಯಾಪ್‌ಟಾಪಿಗೆ ಸಂದೇಶ ಬಂದ ಗಂಟೆ ಇಡೀ ಸಭೆಯ ತಲೆಯ ಮೇಲೆ ಬಾರಿಸಿತು, ಹಾಡು ನಿಂತೇಹೋಯಿತು. ಮಕ್ಕಳು ಎತ್ತಿದ ಕೋಲನ್ನು ಇಳಿಸಲೂ ತಿಳಿಯದೆ ನಿಂತರು. ಅವರಲ್ಲಿ ನನ್ನ ಕಿರಿಯ ಮಗಳೂ ಒಬ್ಬಳು. ಮನೆಗೆ ಹೋಗುವಾಗ ಆಟೋದಲ್ಲಿ ಅವಳು ಕೇಳಿದ್ದು ಒಂದೇ ಮಾತು: “ಅಪ್ಪಾ, ನಾನೇನಾದ್ರೂ ತಪ್ಪು ಮಾಡಿದ್ನಾ?” ಈ ವರ್ಷ ಅಭ್ಯಾಸಕ್ಕೆ ಬರುವುದಿಲ್ಲವೆಂದು ಈಗಲೇ ಹೇಳಿದ್ದಾಳೆ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಮೂರು ಕೊಟೇಶನ್ ತರಿಸಿ, ಅತಿ ಕಡಿಮೆ ದರದವನಿಗೇ ಕೊಡಿ ಎಂದು ಸಮಿತಿಗೆ ಬರೆದುಕೊಟ್ಟವನು ನಾನೇ. ಇಪ್ಪತ್ತು ವರ್ಷ ಕೇಂದ್ರ ಸರ್ಕಾರದ ಕಡತ ತಿರುವಿದವನ ಬುದ್ಧಿ ಅಷ್ಟಕ್ಕೇ ಹೋಗುತ್ತದೆ. ಕನ್ನಡ ಓದಲು ಬಾರದ ಆ ಹುಡುಗನಿಗೆ ನಾವು ಹಾಡುಗಳ ಪಟ್ಟಿಯನ್ನು ಕೊಟ್ಟದ್ದು ಕನ್ನಡದಲ್ಲಿ, ಅದೂ ಕಾರ್ಯಕ್ರಮದ ದಿನ ಸಂಜೆ. ತಪ್ಪಿನಲ್ಲಿ ನನ್ನ ಪಾಲೂ ಇದೆ. ಅದನ್ನು ಒಪ್ಪಿಕೊಂಡೇ ಮುಂದಿನ ಮಾತು ಹೇಳುತ್ತೇನೆ.

ಅಂದು ಸ್ಪೀಕರುಗಳಿಗೆ ಏನೂ ಆಗಿರಲಿಲ್ಲ. ಕೊಟ್ಟದ್ದನ್ನು ಅವು ನಿಷ್ಠೆಯಿಂದ ಕೂಗಿದವು. ಕೊಟ್ಟದ್ದೇ ಕೆಟ್ಟದಾಗಿತ್ತು. ಸ್ಪೀಕರು ಎರಡರಷ್ಟಾದರೆ ಆ ಚಟಪಟವೂ ಆ ಗಂಟೆಯೂ ಇನ್ನಷ್ಟು ಜೋರಾಗುತ್ತವೆ, ಅಷ್ಟೆ. ದೋಷವಿದ್ದದ್ದು ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಲ್ಲಿ. ಇದು ಹೇಗೆಂದು ಬಿಡಿಸಿ ಹೇಳುವಷ್ಟು ಭೌತಶಾಸ್ತ್ರವನ್ನು ನಾನು ಬಿ.ಎಸ್ಸಿ.ಯಲ್ಲಿ ಓದಿದ್ದೇನೆ, ಉಳಿದದ್ದನ್ನು ಈ ಆರು ತಿಂಗಳಲ್ಲಿ, ಮಗಳ ಪ್ರಶ್ನೆಗೆ ಉತ್ತರ ಕೊಡಲೆಂದೇ ಕಲಿತೆ.

ಕಂಪ್ಯೂಟರಿನಲ್ಲಿ ಹಾಡೆಂದರೆ ಬರೀ ಸಂಖ್ಯೆಗಳು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯ ಕ್ರಮದಂತೆ ಎಡಕ್ಕೊಂದು ಬಲಕ್ಕೊಂದು ಸಾಲು, ಒಂದೊಂದು ಸಾಲಿಗೆ ಸೆಕೆಂಡಿಗೆ 44,100 ಸಂಖ್ಯೆಗಳು. ಈ ಸಂಖ್ಯೆಗಳನ್ನು ವಿದ್ಯುತ್ತಿನ ಏರಿಳಿತವಾಗಿ ಮಾಡಿ ಹೊರಗೆ ಕಳಿಸುವ ಸಾಧನವೇ ಸೌಂಡ್ ಕಾರ್ಡು. ಲ್ಯಾಪ್‌ಟಾಪಿನೊಳಗೇ ಒಂದಿರುತ್ತದೆ. ಮನೆಯಲ್ಲಿ ಕುಳಿತು ಹಾಡು ಕೇಳಲು ಅದು ಧಾರಾಳ ಸಾಕು. ಆದರೆ ಸಾಮಾನ್ಯವಾಗಿ ಅದಕ್ಕಿರುವ ದಾರಿ ಒಂದೇ: ಒಂದು ಎಡ, ಒಂದು ಬಲ. ಸಭೆಗೆ ಹೋಗುವುದೂ ಅದೇ ದಾರಿಯಲ್ಲಿ, ಡಿಜೆಯ ಕಿವಿಗೆ ಹೋಗುವುದೂ ಅದೇ ದಾರಿಯಲ್ಲಿ. ಮುಂದಿನ ಹಾಡನ್ನು ತಾನೊಬ್ಬನೇ ಕೇಳಿ ಸಿದ್ಧಪಡಿಸಿಕೊಳ್ಳಲು ಅವನಿಗೆ ಉಪಾಯವೇ ಇಲ್ಲ. ಅಡುಗೆಯ ಉಪ್ಪು ನೋಡಲು ಪಾತ್ರೆಯನ್ನೇ ಪಂಕ್ತಿಗೆ ತಂದಿಟ್ಟ ಹಾಗಾಯಿತು.

ಆದ್ದರಿಂದ ಡಿಜೆ ತಂತ್ರಾಂಶಕ್ಕೆ ಬೇಕಾದ ಸೌಂಡ್ ಕಾರ್ಡಿನ ಮೊದಲ ಲಕ್ಷಣ, ನಾಲ್ಕು ಔಟ್‌ಪುಟ್. ಒಂದು ಮತ್ತು ಎರಡು ಸಭೆಗೆ. ಮೂರು ಮತ್ತು ನಾಲ್ಕು ನಡೆಸುವವನ ಹೆಡ್‌ಫೋನಿಗೆ. ಇಂದು ಇದು ಯು.ಎಸ್.ಬಿ. ತಂತಿಗೆ ಸಿಕ್ಕಿಸುವ ಒಂದು ಚಿಕ್ಕ ಪೆಟ್ಟಿಗೆ. ಅಂಗಡಿಯವನ ಮಾತಿಗೆ ಮರುಳಾಗಬಾರದು. ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಹಾಡುಗಾರರ ಮನೆಗಳಲ್ಲಿ ಹೆಸರಾದ ಒಳ್ಳೆಯ ಪೆಟ್ಟಿಗೆಯೇ. ಆದರೆ ಸ್ಪೀಕರಿಗೆ ಹೋದದ್ದೇ ಅದರ ಹೆಡ್‌ಫೋನಿಗೂ ಬರುತ್ತದೆ. ನಮ್ಮ ಕೆಲಸಕ್ಕೆ ಆಗದು. ಬೆರಿಂಜರ್ ಯು.ಎಂ.ಸಿ. 404 ಎಚ್.ಡಿ.ಯಂಥದ್ದಕ್ಕೆ ನಾಲ್ಕು ಔಟ್‌ಪುಟ್ ಇವೆ, ಅದು ಆಗುತ್ತದೆ. ತಿರುಗುಚಕ್ರಗಳಿರುವ ಡಿಜೆ ಕಂಟ್ರೋಲರನ್ನೇ ಕೊಳ್ಳುವುದಾದರೆ ಇಂಥ ಕಾರ್ಡು ಬಹುಪಾಲು ಅದರೊಳಗೇ ಇರುತ್ತದೆ. ಇದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು. ಲ್ಯಾಪ್‌ಟಾಪಿನ ತೂತೊಂದು, ಅಗ್ಗದ ಯು.ಎಸ್.ಬಿ. ಕಾರ್ಡೊಂದು ಸೇರಿಸಿ ಸುಧಾರಿಸೋಣ ಎನ್ನುವವರಿದ್ದಾರೆ. ತುರ್ತಿಗೆ ಸರಿ; ಆದರೆ ಎರಡರ ಗಡಿಯಾರಗಳು ಒಂದೇ ವೇಗದಲ್ಲಿ ನಡೆಯುವುದಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತಂತೆ.

ಪೆಟ್ಟಿಗೆಯ ಮೇಲೆ 192 ಕಿಲೋಹರ್ಟ್ಜ್ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಅದಕ್ಕಾಗಿ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಕಾಗಿಲ್ಲ. ಮನುಷ್ಯನ ಕಿವಿಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಜ್‌ವರೆಗೆ. ನಮ್ಮ ಸದಸ್ಯರಲ್ಲಿ ಅನೇಕರಿಗೆ ಅದರ ಅರ್ಧ ಕೇಳಿದರೆ ಪುಣ್ಯ. ಸೆಕೆಂಡಿಗೆ 44,100 ಸಂಖ್ಯೆಗಳಿದ್ದರೆ ಅಷ್ಟನ್ನೂ ಹಿಡಿದಿಡಬಹುದೆಂಬುದು ಗಣಿತ.

ಇನ್ನು ಆ ಚಟಪಟ. ಚೆನ್ನೈಯಲ್ಲಿ ಸಂಸಾರ ಮಾಡಿದವರಿಗೆ ಇದನ್ನು ವಿವರಿಸುವುದು ಸುಲಭ. ಬೇಸಗೆಯಲ್ಲಿ ಮೆಟ್ರೋ ವಾಟರ್ ಲಾರಿ ಬಂದು ಸಂಪು ತುಂಬಿಸುತ್ತದೆ. ನಾವು ನಲ್ಲಿಯಲ್ಲಿ ಹಿಡಿಯುತ್ತೇವೆ. ಸಂಪು ಚಿಕ್ಕದಾಗಿ ಲಾರಿ ತಡವಾದರೆ ನಲ್ಲಿ ಬುಸುಗುಟ್ಟುತ್ತದೆ. ಕಂಪ್ಯೂಟರು ಲಾರಿ, ಸೌಂಡ್ ಕಾರ್ಡು ನಲ್ಲಿ, ನಡುವಿನ ಸಂಪಿಗೆ ಬಫರ್ ಎಂದು ಹೆಸರು. ಬಫರನ್ನು 512 ಎಂದಿಟ್ಟರೆ 44,100ರ ಲೆಕ್ಕದಲ್ಲಿ ಸುಮಾರು 11.6 ಮಿಲಿಸೆಕೆಂಡಿನ ದಾಸ್ತಾನು. ಅಷ್ಟು ಹೊತ್ತಿನಲ್ಲಿ ಶಬ್ದ ಗಾಳಿಯಲ್ಲಿ ಸುಮಾರು ನಾಲ್ಕು ಮೀಟರ್ ಹೋಗುತ್ತದೆ. ಸ್ಪೀಕರಿನಿಂದ ನಾಲ್ಕು ಮೀಟರ್ ದೂರದ ಕುರ್ಚಿಯಲ್ಲಿ ಕುಳಿತವರಿಗೆ ಆಗುವಷ್ಟೇ ತಡ. ತಟ್ಟೆ ತಿರುಗಿಸಿ ಚಮತ್ಕಾರ ತೋರಿಸುವ ಡಿಜೆಗೆ ಇನ್ನೂ ಚಿಕ್ಕ ಬಫರ್ ಬೇಕಾಗಬಹುದು. ಕೋಲಾಟದ ಹಾಡು ಹಾಕುವ ನಮಗೆ 1024 ಇಟ್ಟರೂ ನಷ್ಟವಿಲ್ಲ. ಹಳೆಯ ಲ್ಯಾಪ್‌ಟಾಪಾದರೆ ಹಾಗೆಯೇ ಇಡತಕ್ಕದ್ದು.

ಜೋಡಿಸುವ ಕ್ರಮವೂ ಬ್ರಹ್ಮವಿದ್ಯೆಯಲ್ಲ. ವಿಂಡೋಸ್ ಆದರೆ ತಯಾರಕರು ಕೊಡುವ ಆಸಿಯೋ ಡ್ರೈವರನ್ನು ಮೊದಲು ಹಾಕಬೇಕು. 1997ರಲ್ಲಿ ಸ್ಟೈನ್‌ಬರ್ಗ್ ಕಂಪೆನಿ ಹೊರತಂದ ಈ ಕ್ರಮ ವಿಂಡೋಸಿನ ನಡುದಾರಿಯ ಕಲಬೆರಕೆಯನ್ನು ತಪ್ಪಿಸಿ ಹಾಡನ್ನು ನೇರವಾಗಿ ಕಾರ್ಡಿಗೆ ಮುಟ್ಟಿಸುತ್ತದೆ. ಮ್ಯಾಕ್ ಆದರೆ ಬಹುಮಟ್ಟಿಗೆ ಇದರ ಗೊಡವೆ ಇಲ್ಲ. ಮಿಕ್ಸ್ ಎಂಬ ಡಿಜೆ ತಂತ್ರಾಂಶ ಬಿಟ್ಟಿಯಾಗಿ ಸಿಗುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಅದರ ಸೌಂಡ್ ಹಾರ್ಡ್‌ವೇರ್ ಪುಟದಲ್ಲಿ ಮುಖ್ಯ ಹಾಡಿಗೆ 1–2, ಹೆಡ್‌ಫೋನಿಗೆ 3–4 ಎಂದು ಆರಿಸಿದರೆ ಮುಗಿಯಿತು. ವಿಂಡೋಸಿನ ಸ್ವಂತ ಸದ್ದುಗಳನ್ನು ಲ್ಯಾಪ್‌ಟಾಪಿನ ಒಳಗಿನ ಸ್ಪೀಕರಿಗೇ ಬಿಟ್ಟುಬಿಡಬೇಕು. ಆಗ ಯಾವ ಗಂಟೆಯೂ ಸಭೆಗೆ ಕೇಳಿಸದು. ವೈಫೈ ಆರಿಸಬೇಕು. ಕಾರ್ಡನ್ನು ಹಬ್ಬಿಗೆ ಸಿಕ್ಕಿಸದೆ ನೇರ ಲ್ಯಾಪ್‌ಟಾಪಿಗೇ ಸಿಕ್ಕಿಸಬೇಕು. ಪರದೆಯ ಮೇಲೆ ಸದ್ದಿನ ಮಟ್ಟ ಕೆಂಪಿಗೆ ತಾಗಬಾರದು. ಅದನ್ನು ಮೀರಿದ್ದು ಕತ್ತರಿಸಿಹೋಗುತ್ತದೆ, ಕತ್ತರಿಸಿದ್ದನ್ನು ಯಾವ ಸ್ಪೀಕರೂ ಹೊಲಿಯಲಾರದು. ಗುಂಯ್ ಎಂಬ 50 ಹರ್ಟ್ಜ್ ಸದ್ದು ಬಂದರೆ ಲ್ಯಾಪ್‌ಟಾಪನ್ನೂ ಮಿಕ್ಸರನ್ನೂ ಒಂದೇ ವಿದ್ಯುತ್ ಬೋರ್ಡಿಗೆ ಸಿಕ್ಕಿಸಿ ನೋಡಬೇಕು. ಹೋಗದಿದ್ದರೆ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿ.ಐ. ಬಾಕ್ಸ್ ಇಡಬೇಕು. ಸದ್ದು ಹೋಗಲೆಂದು ಪ್ಲಗ್ಗಿನ ಅರ್ಥ್ ಕಡ್ಡಿಯನ್ನು ಮುರಿಯುವ ಜಾಣರಿದ್ದಾರೆ. ದಯವಿಟ್ಟು ಅದನ್ನು ಮಾಡಗೊಡಬೇಡಿ. ವೇದಿಕೆಯ ಮೇಲೆ ಮೈಕು ಹಿಡಿದು ನಿಲ್ಲುವವರು ನಮ್ಮ ಮಕ್ಕಳು.

ಈಗ ಆಕ್ಷೇಪಣೆಗಳಿಗೆ ಬರೋಣ. ಡಿಜೆ ನಮ್ಮ ಸಂಸ್ಕೃತಿಯಲ್ಲ ಎನ್ನುವ ಹಿರಿಯರಿದ್ದಾರೆ. ಅವರ ಮೇಲೆ ನನಗೆ ಗೌರವವಿದೆ. ಆದರೆ ನೆನಪಿಸುತ್ತೇನೆ: ಹಾರ್ಮೋನಿಯಂ ಕೂಡ ನಮ್ಮದಲ್ಲವೆಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು; ಆ ನಿರ್ಬಂಧ ಸಡಿಲಾದದ್ದು 1971ರಲ್ಲಿ. ಅದೇ ‘ಕಾಲುಪೆಟ್ಟಿಗೆ’ಯ ಶ್ರುತಿಗೆ ನಮ್ಮ ಕಂಪೆನಿ ನಾಟಕಗಳು ಊರೂರು ತಿರುಗಿದವು. ಉಪಕರಣಕ್ಕೆ ಜಾತಿಯಿಲ್ಲ. ಅದರಿಂದ ಏನು ಹೊರಡುತ್ತದೆಂಬುದು ಅದರ ಮುಂದೆ ಕುಳಿತವನ ಕೈಯಲ್ಲಿದೆ. ಕುಳಿತವನಿಗೆ ಕನ್ನಡ ಹಾಡೇ ಗೊತ್ತಿಲ್ಲದಿದ್ದರೆ ಕನ್ನಡ ಹಾಡು ಹೇಗೆ ಹೊರಟೀತು?

ಇದೇ ನನ್ನ ಮುಖ್ಯ ವಾದ. ನಾವಿರುವುದು ಎಂಥ ಊರು? 1950, 60ರ ದಶಕಗಳಲ್ಲಿ ಕನ್ನಡ ಚಿತ್ರಗಳು ಬಹುಪಾಲು ತಯಾರಾದದ್ದು ಈ ಮದರಾಸಿನ ಸ್ಟುಡಿಯೋಗಳಲ್ಲಿ. ಅವುಗಳ ಹಾಡುಗಳು ಧ್ವನಿಮುದ್ರಣವಾದದ್ದೂ ಇಲ್ಲಿಯೇ. ರಾಜಕುಮಾರರ ಕೊರಳಾಗಿ ಹಾಡಿದ ಪಿ.ಬಿ. ಶ್ರೀನಿವಾಸರು 2013ರಲ್ಲಿ ಕಣ್ಣುಮುಚ್ಚುವವರೆಗೂ ಈ ಊರಿನವರೇ ಆಗಿದ್ದರು. ಕರ್ನಾಟಕಕ್ಕೆಲ್ಲ ಹಾಡು ಕಳಿಸಿದ ಊರಿನಲ್ಲಿ ಕುಳಿತು, ನಮ್ಮ ಮಕ್ಕಳ ಒಂದು ಕೋಲಾಟಕ್ಕೆ ಒಂದು ಹಾಡನ್ನು ಕೊನೆಯವರೆಗೆ ಹಾಕಲಾಗದೆ ಹೋದೆವಲ್ಲ, ಇದು ವ್ಯಾಟಿನ ಕೊರತೆಯೇ?

ಮೊಬೈಲಿನಿಂದಲೇ ಹಾಕಿದರಾಯಿತಲ್ಲ ಎನ್ನುವವರಿಗೆ ನನ್ನದೊಂದು ಪ್ರಶ್ನೆ: ನಡುವೆ ಕರೆ ಬಂದರೆ? ದೊಡ್ಡ ಸ್ಪೀಕರು ಇರಲೇಬೇಕೆನ್ನುವವರಿಗೆ ಒಂದು ಕಾನೂನು: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ, ಆಸ್ಪತ್ರೆಯ ಸುತ್ತ ನೂರು ಮೀಟರಿನೊಳಗೆ ಇನ್ನೂ ಕಡಿಮೆ. ಕೀಲ್ಪಾಕ್ ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆ ಇರುವ ಬಡಾವಣೆ ನಮ್ಮದು. ನೆರೆಯವರು ತಮಿಳರು, ಸಜ್ಜನರು. ಇಷ್ಟು ವರ್ಷ ನಮ್ಮ ಉತ್ಸವವನ್ನು ಸಹಿಸಿದ್ದಾರೆ, ಎಷ್ಟೋ ಬಾರಿ ಬಂದು ನಮ್ಮ ಪಂಕ್ತಿಯಲ್ಲಿ ಉಂಡಿದ್ದಾರೆ. ಅವರ ಮನೆಯ ಕಿಟಕಿ ನಡುಗಿಸಿ ಕನ್ನಡಾಂಬೆಗೆ ಯಾವ ಕೀರ್ತಿ ತರುತ್ತೇವೆ?

ಆದ್ದರಿಂದ ಸಮಿತಿಯ ಮುಂದೆ ನನ್ನ ಬೇಡಿಕೆ ಇಷ್ಟೆ. ಎರಡರಷ್ಟು ವ್ಯಾಟಿನ ನಿರ್ಣಯವನ್ನು ಹಿಂತೆಗೆದುಕೊಳ್ಳಿ. ಉಳಿಯುವ ಹಣದಲ್ಲಿ ನಾಲ್ಕು ಔಟ್‌ಪುಟ್ಟಿನ ಒಂದು ಸೌಂಡ್ ಕಾರ್ಡು, ಒಂದು ಹೆಡ್‌ಫೋನು, ಮಿಕ್ಸರಿಗೆ ಹೋಗುವ ಒಳ್ಳೆಯ ಎರಡು ತಂತಿಗಳನ್ನು ರಿಚಿ ಸ್ಟ್ರೀಟಿನಲ್ಲಿ ವಿಚಾರಿಸಿ ಸಂಘದ ಹೆಸರಿನಲ್ಲಿ ಕೊಳ್ಳಿ. ಸ್ಪೀಕರು, ಮಿಕ್ಸರು ಹೋದ ವರ್ಷದ ಅಳತೆಯವೇ ಬಾಡಿಗೆಗೆ ಬರಲಿ. ನಮ್ಮ ಹುಡುಗರಲ್ಲಿ ಒಬ್ಬನನ್ನೂ ಹುಡುಗಿಯರಲ್ಲಿ ಒಬ್ಬಳನ್ನೂ ಆರಿಸಿ ಈ ಕೆಲಸ ಕಲಿಸಿ. ಹಾಡುಗಳನ್ನು ಕಾರ್ಯಕ್ರಮದ ಕ್ರಮದಲ್ಲೇ, ಮೊದಲಿಗೆ ನಾಡಗೀತೆ ಬರುವಂತೆ, ಒಂದೇ ಕಡೆ ಜೋಡಿಸಿಡಲಿ. ಹಿಂದಿನ ದಿನ ಸಂಜೆ ಸಭಾಂಗಣದಲ್ಲಿ ಎಲ್ಲವನ್ನೂ ಒಮ್ಮೆ ಮೊದಲಿನಿಂದ ಕೊನೆಯವರೆಗೆ ಹಾಕಿ ನೋಡಲಿ.

ಇದಕ್ಕೆ ನನ್ನ ಹಳೆಯ ಲ್ಯಾಪ್‌ಟಾಪನ್ನು ಸಂಘಕ್ಕೆ ಕೊಡಲು, ಭಾನುವಾರಗಳಂದು ಬಂದು ಗೊತ್ತಿರುವಷ್ಟನ್ನು ಹೇಳಿಕೊಡಲು ಸಿದ್ಧನಿದ್ದೇನೆ. ಮನೆಯಲ್ಲಿ ಒಬ್ಬಳು ಇನ್ನೂ ಮುನಿಸಿಕೊಂಡೇ ಇದ್ದಾಳೆ. ಹಾಡು ನಡುವೆ ನಿಲ್ಲುವುದಿಲ್ಲವೆಂದು ಅವಳಿಗೆ ನಾನು ಮಾತು ಕೊಡಬೇಕಾದರೆ ಮೊದಲು ಸಮಿತಿ ನನಗೆ ಮಾತು ಕೊಡಬೇಕು.