‘ಇಲ್ಲೇನೈತೆ ನೋಡಕ್ಕೆ?’

ಕಂಪನಿ ಕೆಲಸಕ್ಕೆಂದು ನಾರ್ವೆಗೆ ಹೋಗಿದ್ದ ಗೆಳೆಯ, ವಾರಾಂತ್ಯದಲ್ಲಿ ಸುತ್ತಿಬಂದ ರೈನೆ ಎಂಬ ಪುಟ್ಟ ಊರಿನ ಫೋಟೊಗಳನ್ನು ಸ್ಟೇಟಸ್‌ಗೆ ಹಾಕಿದ್ದ. ಕಡಿದಾದ ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರ, ದಡದಲ್ಲಿ ಕೆಂಪು ಬಣ್ಣದ ಮರದ ಮನೆಗಳು. ಕೆಲವೇ ನೂರು ಜನರಿರುವ ಊರಿಗೆ ಜಗತ್ತಿನ ಮೂಲೆಮೂಲೆಯಿಂದ ಪ್ರವಾಸಿಗರು!

ಆ ಕೆಂಪು ಮನೆಗಳ ಬಗ್ಗೆ ಓದಿದೆ. ಚಳಿಗಾಲದಲ್ಲಿ ಕಾಡ್ ಮೀನು ಹಿಡಿಯಲು ಬರುತ್ತಿದ್ದವರು ತಂಗುತ್ತಿದ್ದ ಬಿಡಾರಗಳವು. ಈಗ ಅವನ್ನೇ ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಾರೆ. ಮೀನನ್ನು ಮರದ ಚಪ್ಪರಕ್ಕೆ ನೇತುಹಾಕಿ ತಿಂಗಳುಗಟ್ಟಲೆ ಗಾಳಿಗೆ ಒಣಗಿಸುವುದೂ ಅಲ್ಲಿ ನೋಡುವಂಥ ಸಂಗತಿಯೇ.

ನನಗೆ ತಿಪಟೂರು ಸೀಮೆಯ ನಮ್ಮ ಮನೆಯ ಅಟ್ಟ ನೆನಪಾಯಿತು. ಬಲಿತ ತೆಂಗಿನಕಾಯಿಯನ್ನು ಹತ್ತಾರು ತಿಂಗಳು ಅಟ್ಟದಲ್ಲಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಅಲ್ಲಾಡಿಸಿದರೆ ಲೊಡಲೊಡ ಸದ್ದು. ಊರಿಗೆ ಮರಳಿದ ಗೆಳೆಯ ಒಂದು ಭಾನುವಾರ ಬೆಂಗಳೂರಿನಿಂದ ಇಬ್ಬರು ಸಹೋದ್ಯೋಗಿ ಹುಡುಗಿಯರನ್ನು ಕರೆತಂದಿದ್ದ. ಅವರು ಒಂದೊಂದೇ ಕಾಯಿ ಅಲ್ಲಾಡಿಸುತ್ತಾ ಅಟ್ಟ ಬಿಟ್ಟು ಇಳಿಯಲೇ ಇಲ್ಲ. ‘ಬರೀ ಕಾಯಿ ಕಣವ್ವ, ಇಲ್ಲೇನೈತೆ ನೋಡಕ್ಕೆ?’ ಎಂದು ಅವ್ವ ನಕ್ಕಳು.

ಅಲ್ಲಿಂದ ಅರಳಗುಪ್ಪೆಗೆ ಹೋದೆವು. 9ನೇ ಶತಮಾನದ ಕಲ್ಲೇಶ್ವರ ಗುಡಿಯ ಚಾವಣಿಯಲ್ಲಿ ನಾಟ್ಯವಾಡುವ ಶಿವ, ಸುತ್ತ ಅಷ್ಟದಿಕ್ಪಾಲಕರು. ಇದೇ ತಾಲ್ಲೂಕಿನವನಾದ ನಾನು ಅದನ್ನು ನೋಡಿದ್ದು ಅಂದೇ ಮೊದಲು. ನಾಚಿಕೆಯಾಯಿತು.

ಮಧ್ಯಾಹ್ನ ಇನ್ನೊಂದು ಊರಿನ ಗುಡಿಗೆ ಹೋದರೆ ಬಾಗಿಲಿಗೆ ಬೀಗ. ಕೀಲಿ ಇಟ್ಟುಕೊಂಡವರು ಸಂತೆಗೆ ಹೋಗಿದ್ದರು. ಗುಡಿಯ ಬಗ್ಗೆ ಒಂದು ಫಲಕವಿಲ್ಲ, ಹೆಣ್ಣುಮಕ್ಕಳಿಗೆ ಶೌಚಾಲಯವಿಲ್ಲ, ಉಳಿಯಲು ಕೋಣೆಯಿಲ್ಲ. ಸಂಜೆಯ ರೈಲಿಗೇ ಅವರು ವಾಪಸಾದರು. ನಮ್ಮ ಸೀಮೆಯಲ್ಲಿ ಅವರು ಖರ್ಚು ಮಾಡಿದ್ದು ಎಳನೀರು, ತಟ್ಟೆ ಇಡ್ಲಿಯ ದುಡ್ಡು ಮಾತ್ರ.

ಡಿಗ್ರಿ ಮುಗಿಸಿದ ನಾವು ಕೆಲಸಕ್ಕಾಗಿ ಬೆಂಗಳೂರಿನ ಬಸ್ಸು ಹತ್ತುತ್ತೇವೆ. ಊರಲ್ಲಿ ಉಳಿದವರು ತಿಪಟೂರು ಮಾರುಕಟ್ಟೆಯ ಕೊಬ್ಬರಿ ಧಾರಣೆ ನೋಡುತ್ತಾ ಕೂರುತ್ತಾರೆ. ಧಾರಣೆ ಬಿದ್ದರೆ ತಂಗಿಯ ಕಾಲೇಜು ಫೀಸೂ ಮುಂದಕ್ಕೆ ಹೋಗುತ್ತದೆ. ಪ್ರವಾಸಿಗರು ಬಂದ ಮಾತ್ರಕ್ಕೆ ತೆಂಗಿನ ಕಷ್ಟ ತೀರುವುದಿಲ್ಲ, ನಿಜ. ಆದರೆ ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ಕಾಫಿ ತೋಟದಲ್ಲೇ ಹೋಂಸ್ಟೇ ನಡೆಸುತ್ತಿಲ್ಲವೇ?

ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಅದೇ ಹೊಯ್ಸಳರ ಕಾಲದ ಗುಡಿಗಳು ತುರುವೇಕೆರೆಯಲ್ಲೂ ವಿಘ್ನಸಂತೆಯಲ್ಲೂ ಇವೆ. ಕೋಟಿಗಟ್ಟಲೆ ಯೋಜನೆ ಬೇಡ. ಗುಡಿಯ ಬಾಗಿಲಲ್ಲಿ ಕೀಲಿ ಇರುವವರ ಫೋನ್ ನಂಬರ್, ಶುಚಿಯಾದ ಶೌಚಾಲಯ, ಭಾನುವಾರ ಈ ಊರುಗಳನ್ನು ಸುತ್ತಿಸುವ ಒಂದು ಬಸ್ಸು, ತೋಟದ ಮನೆಯಲ್ಲಿ ಎರಡು ಕೋಣೆ. ಗುಡಿಯ ಕಥೆ ಹೇಳಲು ಇತಿಹಾಸ ಓದಿದ ನಮ್ಮೂರ ಹುಡುಗ ಹುಡುಗಿಯರಿದ್ದಾರೆ.

ಜನ ಬಂದರೆ ಪ್ಲಾಸ್ಟಿಕ್, ಕುಡಿತ, ಗಲಾಟೆಯೂ ಬರುತ್ತದೆ ಎಂದು ಹಿರಿಯರು ಹೆದರುತ್ತಾರೆ. ಹೆದರಿಕೆ ಸುಳ್ಳಲ್ಲ. ಅದಕ್ಕೇ ಈ ಕೆಲಸ ಹೊರಗಿನ ರೆಸಾರ್ಟಿನವರ ಕೈಗೆ ಹೋಗುವ ಮೊದಲು ಊರಿನವರ ಕೈಯಲ್ಲಿ ಶುರುವಾಗಬೇಕು.

ಆ ಗುಡಿಯ ಕೀಲಿ ಇಟ್ಟುಕೊಂಡವರ ನಂಬರ್ ಈಗ ನನ್ನ ಫೋನಿನಲ್ಲಿದೆ. ಗೆಳೆಯ ಮತ್ತೆ ನಾಲ್ವರನ್ನು ಕರೆತರುತ್ತಾನಂತೆ. ‘ಎಲ್ಲಿ ಮಲಗಿಸ್ತೀಯಪ್ಪ?’ ಎಂದು ಅವ್ವ ಕೇಳಿದಳು. ತೋಟದ ಮನೆಯ ಕೋಣೆಗೆ ಸುಣ್ಣ ಹೊಡೆಯಲು ಶುರುಮಾಡಿದ್ದೇನೆ.